ಫ್ರಿಜ್ಜಿನ ಬಾಗಿಲಲ್ಲೊಂದು ನಲ್ಲಿ

ಬೇಸಿಗೆ ರಜೆ. ನೀವು ಚಳ್ಳಕೆರೆಯ ಅಜ್ಜಿ ಮನೆಯಲ್ಲಿದ್ದೀರಿ ಅಂದುಕೊಳ್ಳಿ. ಬೀದಿಯೆಲ್ಲ ಕಾದ ಹೆಂಚು. ಅಂಥ ಹೊತ್ತಿನಲ್ಲಿ ಮನೆಗೆ ಹೊಸ ಫ್ರಿಜ್ ಬಂದಿದೆ. ಅದೂ ಅಂತಿಂಥದ್ದಲ್ಲ. ಬಾಗಿಲಲ್ಲೇ ಒಂದು ಗೂಡು, ಗೂಡಿನೊಳಗೊಂದು ನಲ್ಲಿ! ಲೋಟ ಒತ್ತಿದರೆ ತಣ್ಣೀರು, ಗುಂಡಿ ಬದಲಿಸಿದರೆ ಐಸು. ಎಲ್ಲರಿಗಿಂತ ಮೊದಲು ನೀವೇ ಓಡಿಹೋಗಿ ಲೋಟ ಒತ್ತುತ್ತೀರಿ. ಒಳಗೆಲ್ಲೋ 'ಗುರ್' ಅಂತ ಸದ್ದು. ಹನಿ ನೀರಿಲ್ಲ.

ಬರುವುದಾದರೂ ಎಲ್ಲಿಂದ? ಫ್ರಿಜ್ಜಿಗೆ ಕರೆಂಟಿನ ವೈರು ಸಿಕ್ಕಿದೆ, ನೀರಿನ ಪೈಪು ಇನ್ನೂ ಸಿಕ್ಕಿಲ್ಲ. ಫ್ರಿಜ್ ನೀರನ್ನು ಹುಟ್ಟಿಸುವುದಿಲ್ಲ. ನಾವು ಕೊಟ್ಟದ್ದನ್ನು ತಣ್ಣಗೆ ಮಾಡುತ್ತದೆ, ಅಷ್ಟೇ.

ಸಂಜೆ ಪ್ಲಂಬರಣ್ಣ ಬರುತ್ತಾರೆ. ಚೀಲ ಬಿಚ್ಚುವ ಮುಂಚೆಯೇ ಎರಡು ಪ್ರಶ್ನೆ: "ಟ್ಯಾಂಕು ಎಷ್ಟು ಎತ್ತರದಾಗೈತೆ? ನೀರು ಎಂಥದ್ದು, ಬೋರಿಂದೋ ಹೊಳೇದೋ?"

ಈ ಎರಡು ಪ್ರಶ್ನೆಗಳ ಹಿಂದೆ ಬೇಕಾದಷ್ಟು ವಿಜ್ಞಾನ ಅಡಗಿದೆ. ಒಂದೊಂದಾಗಿ ನೋಡೋಣ.

ತಳ್ಳುವವರು ಯಾರು?

ಪೈಪು ಬರೀ ದಾರಿ. ಆ ದಾರಿಯಲ್ಲಿ ನೀರು ನಡೆಯಬೇಕಾದರೆ ಹಿಂದಿನಿಂದ ಯಾರಾದರೂ ತಳ್ಳಬೇಕು. ಮನೆಯ ನಲ್ಲಿಗಳಲ್ಲಿ ಆ ಕೆಲಸ ಮಾಡುವುದು ಮಾಳಿಗೆ ಮೇಲಿನ ನೀರಿನ ತೂಕವೇ.

ಒಂದು ಸಣ್ಣ ಲೆಕ್ಕ ಮಾಡಿ. ನಿಮ್ಮ ಕಿರುಬೆರಳ ಉಗುರಿನಷ್ಟು, ಅಂದರೆ ಸುಮಾರು ಒಂದು ಚದರ ಸೆಂಟಿಮೀಟರ್ ಬಾಯಿಯ ಕೊಳವೆ. ಎತ್ತರ 10 ಮೀಟರ್. ಅದರ ತುಂಬ ನೀರು ಸುರಿದರೆ ಎಷ್ಟು ಹಿಡಿಯುತ್ತದೆ? 1,000 ಘನ ಸೆಂಟಿಮೀಟರ್. ಅಂದರೆ ಸರಿಯಾಗಿ ಒಂದು ಲೀಟರ್, ತೂಕ ಒಂದು ಕಿಲೋ. ಕೊಳವೆಯ ತಳದಲ್ಲಿ ಉಗುರಿನಷ್ಟು ಜಾಗದ ಮೇಲೆ ಒಂದು ಕಿಲೋ ಕುಳಿತ ಹಾಗೆ. ಇದನ್ನೇ ಒತ್ತಡ ಅನ್ನುವುದು. ಪ್ಲಂಬರಣ್ಣನ ಬಾಯಲ್ಲಿ ಅದು 'ಪ್ರೆಷರ್ರು'.

ಅಜ್ಜಿ ಮನೆಯ ಟ್ಯಾಂಕು ಫ್ರಿಜ್ಜಿಗಿಂತ 5 ಮೀಟರ್ ಮೇಲಿದೆ ಅಂದುಕೊಳ್ಳಿ. ಒತ್ತಡ ಅರ್ಧ ಕಿಲೋ. ಟ್ಯಾಂಕು ದೊಡ್ಡದಿದ್ದರೆ ಹೆಚ್ಚಾಗುತ್ತದೆಯೇ? ಇಲ್ಲ. 500 ಲೀಟರಿನ ಟ್ಯಾಂಕಾಗಲಿ, 2,000 ಲೀಟರಿನದಾಗಲಿ, ಲೆಕ್ಕಕ್ಕೆ ಬರುವುದು ನೀರಿನ ಎತ್ತರ ಮಾತ್ರ. ಬಚ್ಚಲಿನ ಬಕೆಟ್ ತುಂಬಲು ಅರ್ಧ ಕಿಲೋ ಧಾರಾಳ. ಆದರೆ ನಲ್ಲಿಯಿರುವ ಫ್ರಿಜ್ಜುಗಳಲ್ಲಿ ಬಹಳಷ್ಟು ಕನಿಷ್ಠ 1.4 ಕಿಲೋದಷ್ಟು ಒತ್ತಡ ಕೇಳುತ್ತವೆ. ಅಂದರೆ ಟ್ಯಾಂಕು 14 ಮೀಟರ್ ಮೇಲಿರಬೇಕು. ಫ್ರಿಜ್ಜಿಗೋಸ್ಕರ ನಾಲ್ಕು ಅಂತಸ್ತು ಕಟ್ಟಲಾದೀತೇ? ಅದಕ್ಕೇ ನಡುವೆ ಒಂದು ಪುಟ್ಟ ಪಂಪು ಕೂರಿಸುತ್ತಾರೆ. ಎತ್ತರ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ.

ಫ್ರಿಜ್ಜಿಗೆ ಹೋಗುವ ಕೊಳವೆ ಪೆನ್ಸಿಲ್ಲಿಗಿಂತ ತೆಳ್ಳಗೆ, ಸುಮಾರು 6 ಮಿಲಿಮೀಟರ್. ಫ್ರಿಜ್ಜಿನ ಹಿಂದೆ ಅದನ್ನು ಒಂದೆರಡು ಸುತ್ತು ಸಡಿಲ ಬಿಟ್ಟಿರುತ್ತಾರೆ. ನೆಲ ಗುಡಿಸಲು ಫ್ರಿಜ್ ಎಳೆದಾಗ ಕೊಳವೆ ಕಿತ್ತು ಬರಬಾರದಲ್ಲ! ಇಲಿ ಕಡಿಯದ ಹಾಗೂ ನೋಡಿಕೊಳ್ಳಬೇಕು. ಕೊಳವೆ ಫ್ರಿಜ್ಜನ್ನು ಸೇರುವ ಜಾಗದಲ್ಲಿ ಒಬ್ಬ ಕಾವಲುಗಾರನಿದ್ದಾನೆ. ತಾಮ್ರದ ತಂತಿ ಸುತ್ತಿದ ಸುರುಳಿ, ಅದರ ನಡುವೆ ಕಬ್ಬಿಣದ ಪುಟ್ಟ ಕಡ್ಡಿ. ಲೋಟ ಒತ್ತಿದಿರಾ? ಸುರುಳಿಗೆ ಕರೆಂಟು ಹರಿಯುತ್ತದೆ, ಸುರುಳಿ ಅಯಸ್ಕಾಂತವಾಗುತ್ತದೆ, ಕಡ್ಡಿಯನ್ನು ಎಳೆದುಕೊಳ್ಳುತ್ತದೆ. ದಾರಿ ತೆರೆಯಿತು. ಲೋಟ ತೆಗೆದಿರಾ? ಕರೆಂಟು ನಿಂತಿತು, ಕಡ್ಡಿ ವಾಪಸ್ಸು ಬಂದು ಬಾಗಿಲು ಮುಚ್ಚಿತು. ಲೋಟ ಒತ್ತಿದಾಗೆಲ್ಲ ಕೇಳುವ 'ಟಕ್' ಇದರದ್ದೇ.

ನೀರು ಎಂಥದ್ದು?

ಎರಡನೆಯ ಪ್ರಶ್ನೆಗೆ ಉತ್ತರ ಅಜ್ಜಿಯ ಬಾಯಲ್ಲೇ ಇದೆ: "ಬೋರ್ ನೀರಾಗೆ ಬ್ಯಾಳೆ ಬೇಯಲ್ಲ ಕಣಪ್ಪ."

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಇಡೀ ವರ್ಷದ ಮಳೆಯನ್ನು ಹರಿಯಲು ಬಿಡದೆ, ಇಂಗಲು ಬಿಡದೆ ಹಿಡಿದಿಟ್ಟರೂ ದೊಡ್ಡವರ ಮೊಣಕಾಲಿನ ಮಟ್ಟ. ಆಗುಂಬೆಯಲ್ಲಿ ಹಾಗೆ ಹಿಡಿದರೆ ಎರಡಂತಸ್ತಿನ ಮನೆ ಮುಳುಗುತ್ತದೆ! ಚಳ್ಳಕೆರೆ ಕಡೆಯ ವೇದಾವತಿ ಹೊಳೆಯಲ್ಲಿ ವರ್ಷದ ಬಹುಕಾಲ ನೀರಿಗಿಂತ ಮರಳೇ ಹೆಚ್ಚು. ಆ ಹೊಳೆಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಅಣೆಕಟ್ಟು 1907ರಲ್ಲಿ ಮುಗಿಯಿತು. ಅಲ್ಲಿಂದ ಈ ಕಡೆಗೆ ಕುಡಿಯುವ ನೀರು ಬರುತ್ತದೆ. ಆದರೂ ಊರೂರಲ್ಲಿ ಕೈಗೆ ಸಿಗುವುದು ಬೋರ್‌ವೆಲ್ಲೇ.

ಮಳೆನೀರು ಬೀಳುವಾಗ ಬಹುಮಟ್ಟಿಗೆ ಸಪ್ಪೆ. ಮಣ್ಣಿಗಿಳಿದು, ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕುಳಿತಾಗ ಬಂಡೆಯನ್ನೇ ಚೂರು ಚೂರು ಕರಗಿಸಿಕೊಳ್ಳುತ್ತದೆ. ಹೆಚ್ಚಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇವು ತುಂಬಿದ ನೀರೇ ಗಡಸು ನೀರು. ಸೋಪು ಉಜ್ಜಿದರೆ ನೊರೆ ಬರುವುದಿಲ್ಲ, ಬೂದು ಬಣ್ಣದ ಜಿಡ್ಡು ಬರುತ್ತದೆ. ಬೇಳೆ ಬೇಯದಿರುವುದಕ್ಕೂ ಇದೇ ಕಾರಣ. ಬೇಳೆಯ ಕಣಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ಅಂಟನ್ನು ಕ್ಯಾಲ್ಸಿಯಂ ಇನ್ನೂ ಬಿಗಿ ಮಾಡುತ್ತದೆ. ಬಿಗಿಯಾದದ್ದು ಬಿಡುವುದಾದರೂ ಹೇಗೆ?

ಇದೇ ನೀರು ಬಿಸಿನೀರಿನ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಪಾತ್ರೆಯಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು. 6 ಮಿಲಿಮೀಟರ್ ಕೊಳವೆಯನ್ನೂ 'ಟಕ್' ಅನ್ನುವ ಕಾವಲುಗಾರನನ್ನೂ ಉಜ್ಜುವವರು ಯಾರು? ಬಿಳಿ ಪದರ ಕಟ್ಟಿ ಕಟ್ಟಿ ಒಂದು ದಿನ ದಾರಿಯೇ ಮುಚ್ಚಿಹೋಗುತ್ತದೆ.

ಕಣ್ಣಿಗೆ ಕಾಣದ ಇನ್ನೊಂದಿದೆ: ಫ್ಲೋರೈಡ್. ಚಳ್ಳಕೆರೆಯಿರುವ ಚಿತ್ರದುರ್ಗ ಜಿಲ್ಲೆಯ ಹಲವು ಬೋರ್‌ವೆಲ್ಲುಗಳಲ್ಲಿ ಇದು ಮಿತಿ ಮೀರಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೀಟರ್ ನೀರಿನಲ್ಲಿ ಇದು 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಸಿಗದ ಕಡೆ 1.5ರವರೆಗೆ ನಡೆದೀತು ಎನ್ನುತ್ತದೆ ನಮ್ಮ ದೇಶದ ಮಾನದಂಡ. ವರ್ಷಾನುಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲುಗಳು ಬಿರುಸಾಗುತ್ತವೆ.

ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ? ಇಲ್ಲ. ಹೋಗುವುದು ಆವಿ, ಫ್ಲೋರೈಡ್ ಉಳಿದ ನೀರಿನಲ್ಲೇ. ಫ್ರಿಜ್ಜಿನಲ್ಲಿಟ್ಟರೆ? ತಣ್ಣಗಿನ ಫ್ಲೋರೈಡ್ ನೀರು ಸಿಗುತ್ತದೆ! ಫ್ರಿಜ್ಜಿನ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಇರುವುದು ಇದ್ದಿಲು. ಅದು ಕ್ಲೋರಿನ್ ವಾಸನೆ ಹಿಡಿಯುತ್ತದೆ, ಗಡಸುತನವನ್ನೂ ಫ್ಲೋರೈಡನ್ನೂ ಬಿಟ್ಟುಬಿಡುತ್ತದೆ. ಅವುಗಳನ್ನು ತಡೆಯಲು ಆರ್.ಒ. ಬೇಕು. ಅತಿ ಸಣ್ಣ ರಂಧ್ರಗಳ ಹಾಳೆಯ ಮೂಲಕ ನೀರನ್ನು ಒತ್ತಿ ದಾಟಿಸುವ ಯಂತ್ರ ಅದು. ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತಾರಲ್ಲ, ಅಲ್ಲಿರುವುದೂ ಇದೇ. ಮನೆಯ ಆರ್.ಒ. ಒಂದು ಲೋಟ ಒಳ್ಳೆಯ ನೀರು ಕೊಡುವಾಗ ಎರಡು ಮೂರು ಲೋಟ ಉಪ್ಪು ನೀರು ಹೊರಗೆ ಬಿಡುತ್ತದೆ. ಮಳೆ ಮೊಣಕಾಲು ದಾಟದ ಊರಿನಲ್ಲಿ ಅದನ್ನು ಚರಂಡಿಗೆ ಬಿಡಲಾದೀತೇ? ನೆಲ ಒರೆಸಲು, ಪಾತ್ರೆ ತೊಳೆಯಲು ಅಜ್ಜಿ ಅದನ್ನು ಬಕೆಟ್ಟಿಗೆ ಹಿಡಿಯುತ್ತಾರೆ.

ಮೂಲೆಯ ಮಡಕೆ

ಪ್ಲಂಬರಣ್ಣ ಕೆಲಸ ಮಾಡುತ್ತಿರಲಿ. ಅಷ್ಟರಲ್ಲಿ ಕಿಟಕಿ ಪಕ್ಕದ ಮೂಲೆ ನೋಡಿ. ಮರಳಿನ ಗುಡ್ಡೆಯ ಮೇಲೆ ಒಂದು ಮಣ್ಣಿನ ಮಡಕೆ. ಕರೆಂಟಿಲ್ಲ, ಪೈಪಿಲ್ಲ, ನೀರು ಮಾತ್ರ ತಣ್ಣಗೆ!

ಮಡಕೆ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದಾಗ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಪ್ಪು-ಕೆಂಪು ಮಡಕೆಗಳು ಸಿಕ್ಕವು.

ಅಜ್ಜಿಯ ಮಡಕೆಯ ಮೈ ಮುಟ್ಟಿ. ಸ್ವಲ್ಪ ಪಸೆ. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತಿದೆ. ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಮಡಕೆಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 580 ಗ್ರಾಂ ನೀರು ಒಂದು ಡಿಗ್ರಿ ತಣಿಯುತ್ತದೆ. ಹತ್ತು ಲೀಟರಿನ ಮಡಕೆಯನ್ನು ಹತ್ತು ಡಿಗ್ರಿ ಇಳಿಸಲು ಲೆಕ್ಕದ ಪ್ರಕಾರ ಒಂದು ಲೋಟಕ್ಕಿಂತ ಕಡಿಮೆ ನೀರು ಸಾಕು! ಹೊರಗಿನ ಬಿಸಿ ಮತ್ತೆ ಮತ್ತೆ ಒಳನುಗ್ಗುವುದರಿಂದ ನಿಜವಾಗಿ ಇನ್ನಷ್ಟು ಖರ್ಚಾಗುತ್ತದೆ. ಇದೇ ಮಡಕೆಯನ್ನು ಮಂಗಳೂರಿಗೆ ಒಯ್ದರೆ ಇಷ್ಟು ತಣಿಸದು. ಅಲ್ಲಿನ ಗಾಳಿ ಆಗಲೇ ಒದ್ದೆ, ಆವಿಗೆ ಜಾಗ ಕಡಿಮೆ. ಚಳ್ಳಕೆರೆಯ ಒಣ ಗಾಳಿ ಆವಿಯನ್ನು ಬಾಚಿ ಬಾಚಿ ಒಯ್ಯುತ್ತದೆ. ನಮ್ಮ ಬಾಯಾರಿಸುವ ಗಾಳಿಯೇ ಮಡಕೆಯ ನೀರನ್ನು ತಣಿಸುತ್ತದೆ.

ಈಗ ಫ್ರಿಜ್ಜಿನ ಪಕ್ಕ ಮುಟ್ಟಿ. ಬೆಚ್ಚಗಿದೆ! ಅದರೊಳಗೂ ನಡೆಯುವುದು ಮಡಕೆಯ ಆಟವೇ. ಕೊಳವೆಗಳಲ್ಲಿರುವ ಒಂದು ದ್ರವ ಒಳಗಡೆ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ, ಹೊರಗಡೆ ಮತ್ತೆ ದ್ರವ ಮಾಡುತ್ತದೆ. ಹೀರಿದ ಶಾಖ ಅಡುಗೆಮನೆಗೆ ಬೀಳುತ್ತದೆ. ಮಡಕೆ ತನ್ನ ಆವಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಫ್ರಿಜ್ ಹಿಡಿದಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ. ಹಾಗೆ ಹಿಡಿಯುವುದಕ್ಕೇ ಕರೆಂಟಿನ ಬಿಲ್ಲು.

ಹಳೆಯ ಮಡಕೆಯ ಹೊರಮೈ ಮೇಲೆ ಬಿಳಿ ಹೊಪ್ಪಳೆ ಕಂಡಿದ್ದೀರಾ? ನೀರು ಆವಿಯಾಗಿ ಹೋಯಿತು, ಅದರೊಳಗಿದ್ದ ಬಂಡೆಯ ಉಪ್ಪು ರಂಧ್ರದಲ್ಲೇ ಉಳಿಯಿತು. ರಂಧ್ರ ಮುಚ್ಚಿದ ಮಡಕೆ ಬೆವರುವುದಿಲ್ಲ, ಬೆವರದ ಮಡಕೆ ತಣಿಸುವುದಿಲ್ಲ. ಬೇಸಿಗೆ ಬರುವಾಗ ಅಜ್ಜಿ ಹೊಸ ಮಡಕೆ ತರುವುದು ಅದಕ್ಕೇ. ಗಡಸು ನೀರಿಗೆ ಮಡಕೆಯೂ ಒಂದೇ, ಫ್ರಿಜ್ಜೂ ಒಂದೇ.

ಅಗೋ, ಕೆಲಸ ಮುಗಿಯಿತು. ಟ್ಯಾಂಕಿನಿಂದ ಆರ್.ಒ.ಗೆ, ಅಲ್ಲಿಂದ ಪುಟ್ಟ ಪಂಪಿಗೆ, ಪಂಪಿನಿಂದ ತೆಳು ಕೊಳವೆಯಲ್ಲಿ ಫ್ರಿಜ್ಜಿಗೆ. ಹೊಸ ಕೊಳವೆ, ಹೊಸ ಫಿಲ್ಟರು ತೊಳೆಯಲು ಮೊದಲ ಕೆಲವು ಲೀಟರ್ ಹರಿಯಬಿಡಬೇಕು, ಕುಡಿಯಬಾರದು. ಅಜ್ಜಿ ಅದಕ್ಕೂ ಬಿಂದಿಗೆ ಹಿಡಿದು ಮಲ್ಲಿಗೆ ಗಿಡಕ್ಕೆ ಸುರಿದರು.

ನಿಮಗೊಂದು ಕೆಲಸ. ಒಂದು ಬಟ್ಟಲಲ್ಲಿ ಬೋರ್ ನೀರು, ಇನ್ನೊಂದರಲ್ಲಿ ಆರ್.ಒ. ನೀರು ಹಾಕಿ ಐಸು ಮಾಡಿ. ಬೋರ್ ನೀರಿನ ಐಸಿನ ನಡುವೆ ಹೆಚ್ಚು ಮಬ್ಬು ಕಾಣಬಹುದು. ನೀರು ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ, ಕರಗಿದ ಗಾಳಿಯನ್ನೂ ಉಪ್ಪನ್ನೂ ನಡುವಿಗೆ ದೂಡುತ್ತದೆ. ಎರಡನ್ನೂ ಬೇರೆ ಬೇರೆ ಗಾಜಿನ ಲೋಟದಲ್ಲಿ ಕರಗಲು ಬಿಟ್ಟು ಬೆಳಕಿಗೆ ಹಿಡಿಯಿರಿ. ನೀರು ತುಂಬ ಗಡಸಾಗಿದ್ದರೆ ಒಂದು ಲೋಟದ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಅದನ್ನು ಕೊಳೆ ಅನ್ನಬೇಡಿ. ಅದು ಚಳ್ಳಕೆರೆಯ ಬಂಡೆ.