ಮೊದಲ ದೂರು ಬಂದಾಗ

ವಾರ್ಡಿನಲ್ಲಿ ವೈದ್ಯ ವಿದ್ಯಾರ್ಥಿಯೊಬ್ಬ ರೋಗಿಯ ಮೇಲೆ ರೇಗಿದ, ನೋಡದೇ ಇದ್ದ ಬಿ.ಪಿ.ಯನ್ನು ನೋಡಿದೆನೆಂದು ಕೇಸ್‌ಶೀಟಿನಲ್ಲಿ ಬರೆದ ಎಂದು ನರ್ಸ್ ದೂರು ಕೊಟ್ಟರೆ ಕಾಲೇಜು ಏನು ಮಾಡಬೇಕು? ‘ಚಿಕ್ಕ ಹುಡುಗ, ಬಿಡಿ’ ಎನ್ನುವುದು ಸುಲಭ.

ಅಮೆರಿಕದ ವೈದ್ಯೆ ಮ್ಯಾಕ್ಸೀನ್ ಪಾಪಡಾಕಿಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನನ್ನು ಕಾಡುತ್ತಲೇ ಇದೆ. ವೈದ್ಯಕೀಯ ಮಂಡಳಿಗಳ ಶಿಸ್ತುಕ್ರಮಕ್ಕೆ ಒಳಗಾದ 235 ವೈದ್ಯರ ಕಾಲೇಜು ದಾಖಲೆಗಳನ್ನು ಅವರು ತೆರೆದು, ಇತರ ವೈದ್ಯರ ದಾಖಲೆಗಳ ಜೊತೆ ಹೋಲಿಸಿ ನೋಡಿದರು. ಹೊಣೆಗೇಡಿತನ, ತಿದ್ದಿಕೊಳ್ಳಲು ಒಲ್ಲದ ಸ್ವಭಾವ ಶಿಸ್ತುಕ್ರಮಕ್ಕೆ ಒಳಗಾದವರಲ್ಲಿ ವಿದ್ಯಾರ್ಥಿದೆಸೆಯಲ್ಲೇ ಹೆಚ್ಚಾಗಿ ಕಂಡಿತ್ತು. ಮುಂದಿನ ಶಿಸ್ತುಕ್ರಮದ ಜೊತೆ ಕಡಿಮೆ ಅಂಕಗಳಿಗಿಂತ ಈ ನಡತೆಯ ನಂಟೇ ಗಟ್ಟಿಯಾಗಿತ್ತು.

ಹಾಗೆಂದು ಒಂದೇ ದೂರಿಗೆ ಯಾರ ಓದನ್ನೂ ನಿಲ್ಲಿಸಬೇಕಿಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೆರಾಲ್ಡ್ ಹಿಕ್ಸನ್ ತಂಡದ ದಾರಿ ನನಗೆ ಮೆಚ್ಚುಗೆ: ಮೊದಲು ಕಾಫಿ ಕುಡಿಯುತ್ತ ಆಡುವಂಥ ಖಾಸಗಿ ಮಾತು, ವರ್ತನೆ ಮರುಕಳಿಸಿದರೆ ಎಚ್ಚರಿಕೆ, ಆಮೇಲಷ್ಟೇ ಶಿಸ್ತುಕ್ರಮ. ಗಂಭೀರ ಅಪರಾಧಕ್ಕೆ ಮಾತ್ರ ಈ ಕಾಯುವಿಕೆ ಸಲ್ಲದು.

ನಮ್ಮ ಎಂಬಿಬಿಎಸ್‌ನಲ್ಲೂ 2019ರಿಂದ ನಡತೆ, ನೀತಿ, ಸಂವಹನದ ಪಾಠ ಸೇರಿದೆ. ಆದರೆ ದೂರು ಕೊಟ್ಟ ನರ್ಸಿಗೆ, ರೋಗಿಗೆ, ಜೂನಿಯರಿಗೆ ತೊಂದರೆಯಾಗದೆಂಬ ಭರವಸೆಯೂ ಬೇಕಲ್ಲ! ಆರೋಪ ಹೊತ್ತವನ ಮಾತನ್ನೂ ಕೇಳಬೇಕು. ಅವನು ನಿದ್ದೆಗೆಟ್ಟು ರೇಗಿದ್ದರೆ, ಆ ಡ್ಯೂಟಿ ಹಾಕಿದವರನ್ನೂ ಕರೆಸಿ ಕೇಳಬೇಕು.