ಮೊದಲು ಕೇಳಿಸಿಕೊಳ್ಳುವವರಿಗೆ ತರಬೇತಿ
(ಹೆಗ್ಗಡದೇವನಕೋಟೆ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮನೆಯೊಳಗೆ ಪೆಟ್ಟು ತಿಂದ ಮಹಿಳೆಯು ನೇರವಾಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವುದು ವಿರಳ. ಆಕೆ ಮೊದಲು ಬಾಯಿ ಬಿಡುವುದು ನೆರೆಮನೆಯವಳಲ್ಲಿ, ಅಂಗನವಾಡಿ ಕಾರ್ಯಕರ್ತೆಯಲ್ಲಿ, ಆಶಾ ಕಾರ್ಯಕರ್ತೆಯಲ್ಲಿ, ಸ್ವಸಹಾಯ ಸಂಘದ ಗೆಳತಿಯಲ್ಲಿ ಅಥವಾ ಪಂಚಾಯಿತಿ ಸದಸ್ಯರ ಮನೆಯ ಜಗುಲಿಯಲ್ಲಿ. ಅಲ್ಲಿ ದೊರೆಯುವ ಉತ್ತರವೇ ಆಕೆ ಮತ್ತೊಮ್ಮೆ ಸಹಾಯ ಕೇಳುವಳೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. "ಹೊಂದಿಕೊಂಡು ಹೋಗಮ್ಮ" ಎಂಬ ಮಾತು ಸದುದ್ದೇಶದಿಂದಲೇ ಬಂದಿರಬಹುದು. ಆಕೆಗೆ ಅದು ಬಾಗಿಲು ಮುಚ್ಚಿದ ಸದ್ದಾಗಿ ಕೇಳಿಸುತ್ತದೆ. ಆದುದರಿಂದ ಅಧಿಕಾರಿಗಳಿಗೆ ಮಾತ್ರವಲ್ಲದೆ, ಮೊದಲು ಕೇಳಿಸಿಕೊಳ್ಳುವವರಿಗೂ ತರಬೇತಿ ಅವಶ್ಯಕ.

ಕಾನೂನಿನ ಚೌಕಟ್ಟು ಸಿದ್ಧವಿದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಅಧಿನಿಯಮ, 2005 ದಿನಾಂಕ 26-10-2006ರಿಂದ ಜಾರಿಯಲ್ಲಿದೆ. ದೈಹಿಕ ಹಿಂಸೆಯಷ್ಟೇ ಅಲ್ಲದೆ ಲೈಂಗಿಕ, ಮಾತಿನ, ಮಾನಸಿಕ ಹಾಗೂ ಆರ್ಥಿಕ ದೌರ್ಜನ್ಯಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾಗಿದ್ದಾರೆ. ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸುವುದು, ಕಾನೂನು ನೆರವು, ಆಶ್ರಯ ಹಾಗೂ ವೈದ್ಯಕೀಯ ಪರೀಕ್ಷೆಗೆ ವ್ಯವಸ್ಥೆ ಮಾಡುವುದು ಅವರ ಕರ್ತವ್ಯ. ಕಲಂ 4ರ ಪ್ರಕಾರ ಯಾವುದೇ ವ್ಯಕ್ತಿಯು ದೌರ್ಜನ್ಯದ ಬಗ್ಗೆ ಅವರಿಗೆ ಮಾಹಿತಿ ನೀಡಬಹುದು. ಸದ್ಭಾವನೆಯಿಂದ ಮಾಹಿತಿ ನೀಡಿದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಪಂಚಾಯಿತಿ ಸದಸ್ಯರೂ ಈ ರಕ್ಷಣೆಗೆ ಒಳಪಟ್ಟವರೇ.

ಆದರೆ ಚೌಕಟ್ಟು ತಾನಾಗಿಯೇ ಕೆಲಸ ಮಾಡದು. ಕುಡಿಯುವ ನೀರಿನ ಯೋಜನೆಯಲ್ಲಿ ಪಂಪು, ಮೇಲ್ಮಟ್ಟದ ಟ್ಯಾಂಕು ಎಲ್ಲವೂ ಸದೃಢವಾಗಿದ್ದರೂ ಕೊಳವೆಯ ಒಂದು ಜೋಡಣೆ ಸೋರಿದರೆ ಕೊನೆಯ ಮನೆಗೆ ನೀರು ತಲುಪುವುದಿಲ್ಲ. ಇಲ್ಲಿಯೂ ಸೋರಿಕೆ ಹೆಚ್ಚಾಗಿ ಮೊದಲ ಜೋಡಣೆಯಲ್ಲಿಯೇ ಆಗುತ್ತದೆ.

ಈ ಅರಿವಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕಾರ್ಯವೇ ನಿದರ್ಶನ. ದೇಶದ ಸಖಿ ಒನ್ ಸ್ಟಾಪ್ ಸೆಂಟರ್‌ಗಳ ಸಿಬ್ಬಂದಿಗಾಗಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2022ರಲ್ಲಿ ನಿಮ್ಹಾನ್ಸ್ ಮೂಲಕ 'ಸ್ತ್ರೀ ಮನೋರಕ್ಷಾ' ತರಬೇತಿ ಯೋಜನೆಯನ್ನು ಆರಂಭಿಸಿತು. ಅದರ ಪ್ರಾಥಮಿಕ ತರಬೇತಿಯು ಆಪ್ತಸಮಾಲೋಚಕರಿಗೆ ಮಾತ್ರ ಸೀಮಿತವಾಗಿರದೆ ಕಾವಲುಗಾರರು, ಅಡುಗೆಯವರು ಮತ್ತು ಸಹಾಯಕರನ್ನೂ ಒಳಗೊಳ್ಳುವಂತೆ ರೂಪಿಸಲಾಯಿತು. ಕಾರಣ ಸರಳ: ನೊಂದು ಬಂದವಳಿಗೆ ಮೊದಲು ಎದುರಾಗುವವನು ಬಾಗಿಲಲ್ಲಿರುವ ಕಾವಲುಗಾರ. ಗ್ರಾಮದಲ್ಲಿ ಆ ಬಾಗಿಲಲ್ಲಿ ನಿಂತಿರುವವರು ಪಂಚಾಯಿತಿ ಸದಸ್ಯರು.

ತರಬೇತಿಯಲ್ಲಿ ಕಲಿಯಬೇಕಾದುದೇನು? ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿ ಆರೋಗ್ಯ ಕಾರ್ಯಕರ್ತರಿಗಾಗಿ ಹೊರತಂದ ಕೈಪಿಡಿಯು ಐದು ಹೆಜ್ಜೆಗಳನ್ನು ಸೂಚಿಸುತ್ತದೆ: ಸಹಾನುಭೂತಿಯಿಂದ ಆಲಿಸುವುದು, ಆಕೆಯ ಅಗತ್ಯಗಳನ್ನು ವಿಚಾರಿಸುವುದು, ಆಕೆಯ ಮಾತನ್ನು ನಂಬಿರುವುದಾಗಿ ತೋರಿಸುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ಮುಂದಿನ ನೆರವಿನೊಂದಿಗೆ ಜೋಡಿಸುವುದು. ಇವು ಓದಿ ತಿಳಿಯುವಷ್ಟು ಸುಲಭವಾಗಿ ನಡೆದು ಬರುವುದಿಲ್ಲ. "ನೀನೇನು ಮಾಡಿದೆ?" ಎಂಬ ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇರುತ್ತದೆ; ಅದನ್ನು ತಡೆಯುವುದಕ್ಕೆ ಅಭ್ಯಾಸ ಬೇಕು.

ಎರಡನೆಯದು, ರಾಜಿಯ ವಿಷಯ. ಹಿರಿಯರನ್ನು ಕೂರಿಸಿ, ಗಂಡನಿಂದ ಮುಚ್ಚಳಿಕೆ ಬರೆಸಿ, ಅದೇ ದಿನ ಹೆಂಡತಿಯನ್ನು ಕಳುಹಿಸಿಕೊಡುವ ಪದ್ಧತಿ ಹಳ್ಳಿಗಳಲ್ಲಿ ಬೇರೂರಿದೆ. ಅಧಿನಿಯಮದ ಅಡಿಯ 2006ರ ನಿಯಮಗಳು ಈ ವಿಷಯದಲ್ಲಿ ಎಚ್ಚರಿಕೆಯಿಂದಿವೆ. ವ್ಯಾಜ್ಯದಲ್ಲಿ ಆಸಕ್ತಿಯುಳ್ಳವರು ಅಥವಾ ಯಾವುದೇ ಪಕ್ಷದ ಸಂಬಂಧಿಕರು, ಎಲ್ಲ ಪಕ್ಷಗಳೂ ಲಿಖಿತವಾಗಿ ಒಪ್ಪದ ಹೊರತು, ಸಮಾಲೋಚಕರಾಗುವಂತಿಲ್ಲ. ಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ನೀಡಲು ಪ್ರತಿವಾದಿಗೆ ಅವಕಾಶವಿಲ್ಲ. ಮಹಿಳೆಯು ಬಯಸಿದರೆ ಮಾತ್ರ ರಾಜಿ ಪ್ರಯತ್ನ. ಊರಿನ ಜಗುಲಿಯಲ್ಲಿ ಈ ಮೂರರಲ್ಲಿ ಎಷ್ಟು ಪಾಲನೆಯಾಗುತ್ತವೆ ಎಂಬುದನ್ನು ಪ್ರತಿಯೊಬ್ಬ ಸದಸ್ಯರೂ ಪರಿಶೀಲಿಸಿಕೊಳ್ಳುವುದು ಒಳಿತು.

ಮೂರನೆಯದು, ಅಪಾಯದ ಗುರುತುಗಳನ್ನು ಅರಿಯುವುದು. ಕುತ್ತಿಗೆ ಹಿಸುಕಿರುವುದು, ಕೊಲ್ಲುವ ಬೆದರಿಕೆ, ಆಯುಧದ ಬಳಕೆ, ಗರ್ಭಿಣಿಗೆ ಹೊಡೆತ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವ ಹಿಂಸೆ ಇವು ಪ್ರಾಣಾಪಾಯದ ಮುನ್ಸೂಚನೆಗಳು. ಕುತ್ತಿಗೆಯ ಮೇಲೆ ಗಾಯ ಕಾಣದಿದ್ದರೂ ವೈದ್ಯರ ಪರೀಕ್ಷೆ ಅಗತ್ಯ. ಮನೆ ಬಿಟ್ಟು ಹೊರಡುವ ಸಮಯದಲ್ಲಿ ಅಪಾಯ ತಗ್ಗುವ ಬದಲು ಹೆಚ್ಚಬಹುದು. ಆದುದರಿಂದ "ಈಗಲೇ ಹೊರಟು ಬಾ" ಎಂದು ಒತ್ತಾಯಿಸುವುದೂ ಸರಿಯಲ್ಲ. ನಿರ್ಧಾರ ಆಕೆಯದು, ಸಿದ್ಧತೆಯಲ್ಲಿ ಜೊತೆ ನೀಡುವುದು ಕೇಳಿಸಿಕೊಂಡವರದು.

ಈ ತಾಲ್ಲೂಕಿನಲ್ಲಿ ಸುರಕ್ಷತಾ ಯೋಜನೆಗೆ ನೆಲದ ಪರಿಚಯವೂ ಬೇಕು. ಡಿ.ಬಿ.ಕುಪ್ಪೆಯಂತಹ ಕಾಡಿನಾಚೆಯ ಊರುಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರುವ ಅರಣ್ಯದ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಅಂತಹ ಊರಿನಲ್ಲಿ ರಾತ್ರಿ ಕಳೆಯಲು ಭರವಸೆಯ ಮನೆಯೊಂದನ್ನು ಮೊದಲೇ ಗುರುತಿಸಿರಬೇಕು. ಜೇನುಕುರುಬ, ಬೆಟ್ಟಕುರುಬ ಹಾಡಿಗಳಲ್ಲಿ ಆಯಾ ಭಾಷೆಯನ್ನಾಡುವ ಮಹಿಳೆಯರೇ ತರಬೇತಿ ಪಡೆಯುವುದು ಸೂಕ್ತ. ಕೊಡಗಿನ ಕಾಫಿ ತೋಟಕ್ಕೋ ಕೇರಳದ ಶುಂಠಿ ಹೊಲಕ್ಕೋ ಕೂಲಿಗೆ ಹೋದ ಕುಟುಂಬದ ಮಹಿಳೆಯು, ತಾನು ತಾತ್ಕಾಲಿಕವಾಗಿ ವಾಸವಿರುವ ಅಥವಾ ದುಡಿಯುತ್ತಿರುವ ಸ್ಥಳದ ನ್ಯಾಯಾಲಯದಲ್ಲಿಯೂ ಅರ್ಜಿ ಸಲ್ಲಿಸಬಹುದು ಎಂಬ ಕಲಂ 27ರ ಅವಕಾಶವನ್ನು ತಿಳಿಸಬೇಕು.

ಗ್ರಾಮ ಪಂಚಾಯಿತಿಗಳು ಕೈಗೊಳ್ಳಬಹುದಾದ ಕ್ರಮಗಳು ಇವು:

1. ಸಾಮಾಜಿಕ ನ್ಯಾಯ ಸಮಿತಿಯಲ್ಲಿ ವಿಷಯ ಮಂಡಿಸಿ, ಪ್ರತಿ ವಾರ್ಡಿನಿಂದ ಕನಿಷ್ಠ ಇಬ್ಬರನ್ನು ತರಬೇತಿಗೆ ಹೆಸರಿಸುವುದು. ಅವರಲ್ಲಿ ಪುರುಷ ಸದಸ್ಯರೂ ಇರಲಿ.
2. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಹಾಗೂ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೋರಿ ತರಬೇತಿ ಏರ್ಪಡಿಸುವುದು. ಒಂದು ದಿನಕ್ಕೆ ಮುಗಿಸದೆ ಮತ್ತೆ ಮತ್ತೆ ನಡೆಸುವುದು.
3. ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112, ಮಕ್ಕಳ ಸಹಾಯವಾಣಿ 1098, ಕಾನೂನು ನೆರವು 15100 ಸಂಖ್ಯೆಗಳನ್ನು ಪಂಚಾಯಿತಿ, ಅಂಗನವಾಡಿ ಹಾಗೂ ನ್ಯಾಯಬೆಲೆ ಅಂಗಡಿಯ ಗೋಡೆಯಲ್ಲಿ ಬರೆಸುವುದು. ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಕಾನೂನು ನೆರವು ಉಚಿತವೆಂದೂ ಬರೆಸುವುದು.
4. ನೊಂದವಳ ಹೆಸರನ್ನು ಸಭಾ ನಡವಳಿಯಲ್ಲಿ ದಾಖಲಿಸದಿರುವುದು, ಸಭೆಯಲ್ಲಿ ಚರ್ಚಿಸದಿರುವುದು.
5. ಕೇಳಿಸಿಕೊಳ್ಳುವವರ ಮನಸ್ಸಿಗೂ ಭಾರವಾಗುತ್ತದೆ; ಅವರು ಪರಸ್ಪರ ಸೇರಿ, ಹೆಸರು ಹೇಳದೆ, ಅನುಭವ ಹಂಚಿಕೊಳ್ಳಲು ಅವಕಾಶ ಕಲ್ಪಿಸುವುದು.

ರಸ್ತೆ, ಚರಂಡಿ, ಬೀದಿದೀಪಗಳ ಪ್ರಗತಿಯನ್ನು ಅಳತೆ ಪುಸ್ತಕದಲ್ಲಿ ತೋರಿಸಬಹುದು. ಈ ಕೆಲಸಕ್ಕೆ ಅಂತಹ ಪುಸ್ತಕವಿಲ್ಲ. ರಾತ್ರಿ ಬಾಗಿಲು ತಟ್ಟಿದವಳಿಗೆ ಒಳಗಿನಿಂದ "ಬಾಮ್ಮ, ಕೂತ್ಕೊ, ಹೇಳು" ಎಂಬ ಉತ್ತರ ಬಂದರೆ, ತರಬೇತಿ ಫಲಿಸಿತೆಂದು ತಿಳಿಯಬಹುದು.