ಬಿಳಿ ಪಟ್ಟೆಯ ಮೇಲೆ ಯಾರ ಹಕ್ಕು?



ಮಿಹಾನಿನ ಮಗ್ಗುಲಲ್ಲಿ ಹಾದುಹೋಗುವ ವರ್ಧಾ ರಸ್ತೆ ನಮಗೆ ಪರಕೀಯವಲ್ಲ. 44ನೆಯ ರಾಷ್ಟ್ರೀಯ ಹೆದ್ದಾರಿಯಾದ ಅದು ಹೈದರಾಬಾದಿನ ಮೇಲೆ ನಮ್ಮ ಬೆಂಗಳೂರನ್ನೇ ಮುಟ್ಟುತ್ತದೆ. ಊರು ನೆನಪಾದಾಗ ಆ ದಿಕ್ಕಿಗೆ ನೋಡುವ ಚಪಲ ನಮ್ಮಲ್ಲಿ ಅನೇಕರಿಗುಂಟು. ದಾಟುವಾಗ ನೋಡಬೇಕಾದ ದಿಕ್ಕು ಮಾತ್ರ ಬೇರೆ!

ಹೋದ ವರ್ಷದ ದೀಪಾವಳಿಗೆ ಊರಿನಿಂದ ಬಂದ ನಮ್ಮ ತಾಯಿಯವರು ಬಿಳಿ ಪಟ್ಟೆಗಳ ಮೇಲೆಯೇ ರಸ್ತೆ ದಾಟುತ್ತಿದ್ದರು. ಸ್ಕೂಟರೊಂದು ನಿಲ್ಲದೆ ನುಗ್ಗಿ ಅವರಿಗೆ ತಗುಲಿತು; ಬಿದ್ದು ಮಣಿಕಟ್ಟು ಮುರಿಯಿತು. ಸವಾರನನ್ನು ನಾವು ಬಾಯಿಗೆ ಬಂದಂತೆ ಬೈದೆವು. ವಾರ ಕಳೆದಿರಲಿಲ್ಲ, ಬ್ಯಾಂಕಿಗೆ ಹೊತ್ತಾಯಿತೆಂದು ಅಂಥದೇ ಪಟ್ಟೆಯ ಮೇಲೆ ನಮ್ಮ ಸ್ಕೂಟರನ್ನೂ ಹಾಗೆಯೇ ನುಗ್ಗಿಸಿದೆವು. ವೃದ್ಧೆಯೊಬ್ಬರು ಬೆದರಿ ಹಿಂದಕ್ಕೆ ಸರಿದರು. ಆ ಮುಖವನ್ನು ಮರೆಯಲಾಗಿಲ್ಲ.

2017ರ ಮೋಟಾರು ವಾಹನ ಚಾಲನಾ ವಿನಿಯಮಗಳಂತೆ, ದೀಪವಾಗಲಿ ಪೋಲೀಸರಾಗಲಿ ಇಲ್ಲದ ಪಟ್ಟೆಯಲ್ಲಿ ಮೊದಲ ಹಕ್ಕು ನಡೆಯುವವರದು. ಸವಾರನು ನಿಧಾನಿಸಿ, ನಿಂತು, ದಾರಿ ಬಿಡತಕ್ಕದ್ದು. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಅದು ಅವನು ತೀರಿಸಬೇಕಾದ ಬಾಕಿ.

ನಡೆಯುವವರ ಖಾತೆಯೂ ಉಂಟಷ್ಟೆ. ಗಂಟೆಗೆ 60 ಕಿಲೋಮೀಟರಿನಂತೆ ಬರುವ ವಾಹನ ಸೆಕೆಂಡಿಗೆ 16 ಮೀಟರಿಗೂ ಮಿಕ್ಕಿ ಓಡುತ್ತದೆ; ಚಾಲಕನ ಕಾಲು ಬ್ರೇಕಿಗೆ ತಾಕುವಷ್ಟರಲ್ಲೇ ಅಷ್ಟು ದೂರ ಸಂದುಹೋಗಬಹುದು. ಕೈಯೊಡ್ಡಿ ತಟ್ಟನೆ ಓಡಿದರೆ ಅವನಾದರೂ ಏನು ಮಾಡಿಯಾನು? ಫುಟ್‌ಪಾತ್ ಇಲ್ಲದ ಕಡೆ ಬಲಬದಿಗೆ, ಎದುರಿನ ವಾಹನ ಕಾಣುವಂತೆ ನಡೆಯುವುದು ಕ್ಷೇಮ. ಎಡಕ್ಕೆ ಎಂಬುದು ವಾಹನಗಳ ಮಾತು.

ತಾಯಿಯವರ ಕೈ ಕೂಡಿದೆ, ರೊಟ್ಟಿಯನ್ನೂ ಬಡಿಯುತ್ತಾರೆ. ಒಬ್ಬರೇ ಮಾತ್ರ ಆ ರಸ್ತೆ ದಾಟುವುದಿಲ್ಲ.